ಕಳ್ಳ ಟೇಪಿನಲ್ಲಿ ಉಳಿದ ಡಿಲನ್

ಬಾಬ್ ಡಿಲನ್ ಎಂಬ ಹೆಸರು ನಮ್ಮಲ್ಲಿ ಹಲವರ ಕಿವಿಗೆ ಮೊದಲು ಬಿದ್ದದ್ದು 2016ರಲ್ಲಿ, ಹಾಡುಗಾರರೊಬ್ಬರಿಗೆ ಸಾಹಿತ್ಯದ ನೊಬೆಲ್ ಬಂತು ಎಂದು ಸುದ್ದಿಯಾದಾಗ. ಆಗಲೇ ಅವರಿಗೆ 75 ವರ್ಷ. ಕಂಪನಿಯವರು ಹೊರತಂದ ಅವರ ಆಲ್ಬಮ್‌ಗಳು ಎಲ್ಲರಿಗೂ ಸಿಗುತ್ತವೆ. ಅದರ ಪಕ್ಕದಲ್ಲಿ ಇನ್ನೊಂದು ದೊಡ್ಡ ರಾಶಿ ಇದೆ. ಲೈವ್ ಕಾರ್ಯಕ್ರಮಗಳಲ್ಲಿ ಅಭಿಮಾನಿಗಳು ಕದ್ದು ಹಿಡಿದ, ಕಪಾಟುಗಳಿಂದ ಹೇಗೋ ಹೊರಬಿದ್ದ ಟೇಪುಗಳ ರಾಶಿ. ಇವಕ್ಕೆ ಬೂಟ್‌ಲೆಗ್ ಎಂದು ಹೆಸರು. ಉದ್ದ ಬೂಟಿನೊಳಗೆ ಬಾಟಲಿ ತುರುಕಿಕೊಂಡು ಸಾರಾಯಿ ಸಾಗಿಸುತ್ತಿದ್ದವರಿಂದ ಬಂದ ಮಾತು ಅದು. ನಮ್ಮೂರ ಕಳ್ಳಭಟ್ಟಿಯ ದಾಯಾದಿ ಎನ್ನಿ.

ರಾಕ್ ಸಂಗೀತದಲ್ಲಿ ಈ ವ್ಯಾಪಾರಕ್ಕೆ ದಾರಿ ತೆರೆದದ್ದು 1969ರ ಬೇಸಿಗೆ. ಲಾಸ್ ಏಂಜಲೀಸ್‌ನ ಅಂಗಡಿಗಳಲ್ಲಿ ಬಿಳಿ ರಟ್ಟಿನ ಕವರಿನ ಜೋಡಿ ರೆಕಾರ್ಡೊಂದು ಕಾಣಿಸಿಕೊಂಡಿತು. ಕಂಪನಿಯ ಹೆಸರಿಲ್ಲ, ಚಿತ್ರವಿಲ್ಲ. ಜನ ಅದನ್ನು 'ಗ್ರೇಟ್ ವೈಟ್ ವಂಡರ್' ಎಂದು ಕರೆದರು. ಒಳಗಿದ್ದದ್ದು 1961ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಡಿಲನ್ ಹಾಡಿದ್ದ ಟೇಪು, 1967ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಮನೆಯ ನೆಲಮಾಳಿಗೆಯಲ್ಲಿ ಗೆಳೆಯರೊಡನೆ ಹಾಡಿದ ಕೆಲವು ಹಾಡು, ಮತ್ತೆ ಅಲ್ಲಿ ಇಲ್ಲಿಯದು. 1966ರ ಜುಲೈಯಲ್ಲಿ ಮೋಟಾರ್ ಸೈಕಲ್ ಅಪಘಾತವಾದ ಮೇಲೆ ಡಿಲನ್ ಊರೂರು ತಿರುಗಿ ಹಾಡುವುದನ್ನೇ ನಿಲ್ಲಿಸಿದ್ದರು, ಕೇಳುವವರು ಹಸಿದಿದ್ದರು. ಅಮೆರಿಕದ ಕೇಂದ್ರ ಕಾನೂನು ಧ್ವನಿಮುದ್ರಣಗಳಿಗೆ ಹಕ್ಕುಸ್ವಾಮ್ಯ ಕೊಟ್ಟದ್ದೇ 1972ರ ಫೆಬ್ರವರಿಯಿಂದ. ಬೇಲಿ ಸಡಿಲವಿದ್ದಾಗ ದನ ನುಗ್ಗುವುದು ಸಹಜ.

ಆದರೆ ಬೂಟ್‌ಲೆಗ್‌ಗಳಲ್ಲಿ ಅತ್ಯಂತ ಹೆಸರುವಾಸಿಯಾದದ್ದು ಅದಲ್ಲ, 1966ರ ಇಂಗ್ಲೆಂಡಿನ ಒಂದು ರಾತ್ರಿಯದು. ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಡಿಲನ್ ಹೆಸರು ಮಾಡಿದ್ದು ಗಿಟಾರು, ಮೌತ್ ಆರ್ಗನ್ ಹಿಡಿದು ಒಬ್ಬರೇ ನಿಂತು ಹಾಡುವ ಜಾನಪದ ಗಾಯಕರಾಗಿ. 1965ರ ಜುಲೈಯಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಅವರು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬ್ಯಾಂಡಿನೊಂದಿಗೆ ವೇದಿಕೆ ಹತ್ತಿದರು. ಹಳೆಯ ಅಭಿಮಾನಿಗಳಿಗೆ ಇದು ದ್ರೋಹವೆನಿಸಿತು. ಮರುವರ್ಷದ ಪ್ರವಾಸದಲ್ಲಿ ಮೊದಲರ್ಧ ಒಬ್ಬರೇ ಹಾಡುವುದು, ಎರಡನೆಯರ್ಧ ಬ್ಯಾಂಡಿನ ಅಬ್ಬರ. ಮೇ 17ರಂದು ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ ನಡೆದದ್ದು ಟೇಪಿನಲ್ಲಿ ಹಾಗೇ ಉಳಿದಿದೆ. ಎರಡನೆಯರ್ಧದಲ್ಲಿ ಹಾಡು ಹಾಡಿನ ನಡುವೆ ಸಭಿಕರು ಬೇಕೆಂದೇ ನಿಧಾನ ತಾಳದಲ್ಲಿ ಚಪ್ಪಾಳೆ ತಟ್ಟುತ್ತಾರೆ. ಡಿಲನ್ ಮೈಕಿನ ಮುಂದೆ ಅರ್ಥವಿಲ್ಲದೆ ಏನೋ ಗೊಣಗುತ್ತಾರೆ. ಅದೇನೆಂದು ಕೇಳಲು ಜನ ಸುಮ್ಮನಾಗುತ್ತಾರೆ. ಕೊನೆಯ ಹಾಡಿಗೆ ಮುಂಚೆ ಒಬ್ಬ 'ಜೂದಾಸ್' ಎಂದು ಕೂಗುತ್ತಾನೆ. ಬೆಳ್ಳಿ ನಾಣ್ಯದಾಸೆಗೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು ಅದು. ಯಹೂದಿ ಮನೆಯಲ್ಲಿ ಹುಟ್ಟಿದವರಿಗೆ ಆ ಮಾತು ಇನ್ನೂ ಆಳಕ್ಕೆ ಚುಚ್ಚಿರಬೇಕು. ನಿನ್ನ ಮಾತು ನಂಬಲಾರೆ, ನೀನು ಸುಳ್ಳ ಎಂಬರ್ಥದ ಉತ್ತರ ಕೊಟ್ಟು, ಜೋರಾಗಿ ನುಡಿಸಿ ಎಂದು ಬ್ಯಾಂಡಿನವರಿಗೆ ಹೇಳಿ ಡಿಲನ್ ಹಾಡಿಗಿಳಿಯುತ್ತಾರೆ. ಆ ಕೂಗು ಹಾಕಿದವರು ಯಾರೆಂದು ಮುಂದೆ ಎರಡು ಹೆಸರು ಕೇಳಿಬಂದವು.

ಈ ಟೇಪು ಯಾರೋ ಜೇಬಿನಲ್ಲಿಟ್ಟು ಹಿಡಿದದ್ದಲ್ಲ. ಕಂಪನಿಯೇ ಮುದ್ರಿಸಿ ಇಟ್ಟದ್ದು ಹೊರಗೆ ಸೋರಿತ್ತು. ಅದರ ಮೇಲಿದ್ದ ಹೆಸರು ಮಾತ್ರ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್! ಅಲ್ಲಿ ಅವರು ಹಾಡಿದ್ದು ಮೇ 26 ಮತ್ತು 27ರಂದು. ಔಷಧಿ ಕೊಡುವ ಕೆಲಸದ ನಮಗೆ ಲೇಬಲ್ ತಪ್ಪಿದರೆ ಮೈ ಜುಮ್ಮೆನ್ನುತ್ತದೆ. ಇಲ್ಲಿ ಲೇಬಲ್ ತಪ್ಪು, ಒಳಗಿನ ಮದ್ದು ಅಸಲಿ. ಹಲವು ವರ್ಷ ಆ ತಪ್ಪು ಹೆಸರೇ ಓಡಿತು. 1998ರಲ್ಲಿ ಕಂಪನಿ ಅಧಿಕೃತವಾಗಿ ಬಿಡುಗಡೆ ಮಾಡಿದಾಗಲೂ, ಜನರ ಬಾಯಲ್ಲಿ ಕೂತ ಹೆಸರೆಂದು 'ರಾಯಲ್ ಆಲ್ಬರ್ಟ್ ಹಾಲ್' ಅನ್ನು ಉದ್ಧರಣ ಚಿಹ್ನೆಯೊಳಗೆ ಹಾಗೇ ಉಳಿಸಿಕೊಂಡಿತು.

ಇಂಥ ಟೇಪುಗಳ ವಿಮರ್ಶೆ ಬರೆಯುವವರದೇ ಒಂದು ಪಂಗಡವಿದೆ. ಹಾಡು ಹೇಗಿತ್ತು ಎನ್ನುವುದಕ್ಕೆ ಮೊದಲು ಅವರು ಟೇಪಿನ ಜಾತಕ ನೋಡುತ್ತಾರೆ. ಧ್ವನಿ ಮಿಕ್ಸರ್‌ನಿಂದ ನೇರ ತೆಗೆದದ್ದೋ, ಸಭೆಯಲ್ಲಿ ಕೂತು ಹಿಡಿದದ್ದೋ? ಮೂಲದಿಂದ ಎಷ್ಟನೆಯ ಕಾಪಿ? ಕಾಪಿಯ ಕಾಪಿ ಮಾಡಿದಷ್ಟೂ ಹಿಸ್ ಎನ್ನುವ ಸದ್ದು ಏರುತ್ತದೆ, ಮೇಲಿನ ಸ್ವರಗಳು ಮಬ್ಬಾಗುತ್ತವೆ. ಟೇಪು ಓಡುವ ವೇಗ ಸ್ವಲ್ಪ ಹೆಚ್ಚಿದ್ದರೂ ಗಾಯಕರ ಶ್ರುತಿ ಏರಿ, ದನಿಯೇ ಬೇರೆಯವರದೆನಿಸುತ್ತದೆ. ಮಿಕ್ಸರ್ ಟೇಪಿನಲ್ಲಿ ಮಾತು ಸ್ಪಷ್ಟ, ಆದರೆ ಸಭೆ ದೂರ. ಸಭೆಯ ಟೇಪಿನಲ್ಲಿ ಪಕ್ಕದವರ ಕೆಮ್ಮೂ ಇದೆ, ಜನರ ಉಸಿರೂ ಇದೆ. ನಮ್ಮನ್ನು ಕೇಳಿದರೆ, ಇತಿಹಾಸಕ್ಕೆ ಬೇಕಾದದ್ದು ಎರಡನೆಯದೇ. ಅಪರೂಪದ್ದು ಎಂಬ ಒಂದೇ ಕಾರಣಕ್ಕೆ ಕೆಟ್ಟ ರಾತ್ರಿಯನ್ನೂ ಹೊಗಳುವ ವಿಮರ್ಶಕರಿದ್ದಾರೆ. ಅವರನ್ನು ನಂಬುವುದು ಬೇಡ.

2016ರಲ್ಲಿ ಕಂಪನಿ 1966ರ ಪ್ರವಾಸದಲ್ಲಿ ಸಿಕ್ಕಿದ್ದನ್ನೆಲ್ಲ 36 ಸಿ.ಡಿ.ಗಳ ಪೆಟ್ಟಿಗೆಯಾಗಿ ಕೊಟ್ಟಿತು. ಸಭಿಕರು ಹಿಡಿದ ಟೇಪುಗಳೂ ಅದರಲ್ಲಿ ಸೇರಿವೆ. ಊರಿಂದೂರಿಗೆ ಹೆಚ್ಚುಕಡಿಮೆ ಅದೇ ಹಾಡುಗಳು. ಗಲಾಟೆ ಮಾತ್ರ ಎಲ್ಲೆಡೆ ಒಂದೇ ತೆರನಲ್ಲ. ಇಡೀ ಇಂಗ್ಲೆಂಡು ಅವರನ್ನು ಓಡಿಸಿತು ಎಂಬ ದಂತಕಥೆಗೆ ಉತ್ತರ ಈ ಟೇಪುಗಳಲ್ಲಿದೆ. ಕಿರುಚಿದವರ ಪಕ್ಕದಲ್ಲೇ ಮನಸಾರೆ ಚಪ್ಪಾಳೆ ತಟ್ಟಿದವರೂ ಇದ್ದರು.

ಹಾಗೆಂದು ಕಳವು ಕಳವಲ್ಲದೆ ಹೋಗುವುದಿಲ್ಲ. ಮಾರಿದವರು ಹಾಡಿದವರಿಗೆ ಬಿಡಿಗಾಸೂ ಕೊಡಲಿಲ್ಲ. ದುಡ್ಡಿಲ್ಲದೆ ಟೇಪಿಗೆ ಟೇಪು ವಿನಿಮಯ ಮಾಡಿಕೊಂಡ ಅಭಿಮಾನಿಗಳನ್ನೂ ಈ ವ್ಯಾಪಾರಿಗಳನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ತಮಾಷೆಯೆಂದರೆ 1991ರಿಂದ ಕಂಪನಿಯೇ 'ಬೂಟ್‌ಲೆಗ್ ಸೀರೀಸ್' ಎಂಬ ಹೆಸರಿನಲ್ಲಿ ಹಳೆಯ ಟೇಪುಗಳನ್ನು ಮಾರುತ್ತಿದೆ. 50 ವರ್ಷದೊಳಗೆ ಪ್ರಕಟಿಸದ ಮುದ್ರಣದ ಹಕ್ಕು ಯುರೋಪಿನಲ್ಲಿ ಕೈತಪ್ಪುತ್ತದೆಂದು, 2012ರಲ್ಲಿ ಸುಮಾರು 100 ಪ್ರತಿ ಮಾತ್ರ ಮಾಡಿ ಒಂದು ಸೆಟ್ ಬಿಡುಗಡೆ ಮಾಡಿತು. ಕೊಂಡವರಿಗಿಂತ ಕದ್ದು ಕೇಳಿದವರೇ ಹೆಚ್ಚಿರಬೇಕು! 1988ರಿಂದ ಡಿಲನ್ ಹೆಚ್ಚುಕಡಿಮೆ ವರ್ಷವರ್ಷವೂ ಪ್ರವಾಸ ಹೊರಡುತ್ತಾ ಬಂದಿದ್ದಾರೆ, ಹಳೆಯ ಹಾಡಿನ ಧಾಟಿಯನ್ನೇ ಬದಲಿಸುತ್ತಾರೆ. ಆದ್ದರಿಂದ ಯಾವ ರಾತ್ರಿಯೂ ಇನ್ನೊಂದರ ನಕಲಲ್ಲ. ಈಚಿನ ಪ್ರವಾಸಗಳಲ್ಲಿ ಸಭಿಕರ ಫೋನನ್ನು ಚೀಲದಲ್ಲಿ ಹಾಕಿ ಬೀಗ ಜಡಿಯುತ್ತಾರೆ. ಆದರೂ ರೆಕಾರ್ಡಿಂಗ್ ಹೊರಬರುತ್ತಲೇ ಇದೆ.

ಸಭೆಯಲ್ಲಿ ಕೂತು ಹಿಡಿಯುವ ಕಲೆ ನಮಗೇನೂ ಹೊಸದಲ್ಲ. ಗಲ್ಫಿನಿಂದ ಹೋದ ಟೇಪ್ ರೆಕಾರ್ಡರ್‌ಗಳು ಕರಾವಳಿಯಲ್ಲಿ ಯಕ್ಷಗಾನದ ರಂಗಸ್ಥಳದ ಮುಂದೆ ರಾತ್ರಿಯಿಡೀ ಓಡಿವೆ. 1990ರಲ್ಲಿ ತೀರಿಹೋದ ಕಾಳಿಂಗ ನಾವಡರ ಪದ್ಯಗಳನ್ನು ಇಂದಿಗೂ ಕ್ಯಾಸೆಟ್ಟಿನಿಂದ ಇಳಿಸಿಕೊಂಡು ಕೇಳುವವರಿದ್ದಾರೆ. ಆದರೆ ಎಷ್ಟೋ ಕ್ಯಾಸೆಟ್ಟುಗಳ ಮೇಲೆ ಪ್ರಸಂಗದ ಹೆಸರು ಬಿಟ್ಟರೆ ಮೇಳ, ಊರು, ತಾರೀಕು ಏನೂ ಇರುವುದಿಲ್ಲ. ಹಿಡಿದವರು ಬದುಕಿರುವಾಗಲೇ ಕೇಳಿ ಬರೆದಿಡಿ. ರಜೆಗೆ ಹೋದಾಗ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ಕ್ಯಾಸೆಟ್ಟು ಸಿಕ್ಕರೆ ನೇರ ಪ್ಲೇಯರ್‌ಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಟೇಪಿಗೂ ಹತ್ತುತ್ತದೆ.