ಕಂಬದಿಂದ ಗೊಂಬೆಗೆ: ಕನ್ನಡ ನಾಡಿನ ಕಡಸಲು

ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಂತಹ ಊರಿನಲ್ಲಿ ಮರಗೆಲಸ ಕಲಿಯುವ ಹೊಸಬರಿಗೆ ಕಡಸಲು, ಅಂದರೆ ಮರದ ತುಂಡನ್ನು ಗರಗರನೆ ತಿರುಗಿಸುತ್ತ ಉಳಿಯಿಂದ ದುಂಡಗೆ ಕಡೆಯುವ ಲೇತ್ ಯಂತ್ರ, ಪೇಟೆಯಿಂದ ಬಂದ ಹೊಸ ಸಾಮಾನಿನಂತೆ ತೋರಬಹುದಾದರೂ, ಅದರ ತತ್ತ್ವ ಈ ನಾಡಿಗೆ ಒಂಬತ್ತು ಶತಮಾನಗಳಷ್ಟು ಹಳೆಯದು. ಈ ಸೀಮೆಗೆ ದೂರವಲ್ಲದ ಕಲ್ಯಾಣದಿಂದ ಆಳಿದ ಚಾಲುಕ್ಯರ ಕಾಲದಲ್ಲಿ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದಲ್ಲಿಯೂ ಲಕ್ಕುಂಡಿಯ ಗುಡಿಗಳಲ್ಲಿಯೂ ನಿಂತಿರುವ ಬಳಪದ ಕಲ್ಲಿನ ಕಂಬಗಳ ಬಳೆಯಾಕಾರದ ನಯವಾದ ಅಂಚುಗಳನ್ನು ನೋಡಿದ ವಿದ್ವಾಂಸರು, ಅವನ್ನು ಕಲ್ಲನ್ನೇ ತಿರುಗಿಸಿ ಕಡೆದಿರಬೇಕೆಂದು ಬಗೆದಿದ್ದಾರೆ.

ಆದ್ದರಿಂದ ಚನ್ನಪಟ್ಟಣದ ಗೊಂಬೆಗಾರಿಕೆಯನ್ನು ಟಿಪ್ಪು ಸುಲ್ತಾನನು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ನೆಲೆಗೊಳಿಸಿದನೆಂಬ ಪ್ರತೀತಿಯನ್ನು, ಅರಗಿನ ಬಣ್ಣದ ಆಟಿಕೆಗಳಿಗೆ ದೊರೆತ ರಾಜಾಶ್ರಯದ ನೆನಪೆಂದು ಒಪ್ಪಬಹುದೇ ಹೊರತು, ಕಡೆಯುವ ವಿದ್ಯೆಯೇ ಆಗ ಬಂದಿತೆಂದು ಓದಬೇಕಾಗಿಲ್ಲ.

ಚನ್ನಪಟ್ಟಣದ ಹಳೆಯ ಕಡಸಲು ಬಿಲ್ಲಿನದು. ಕೆಲಸಗಾರನು ನೆಲದ ಮೇಲೆ ಕುಳಿತು, ಹಗ್ಗ ಸುತ್ತಿದ ದಿಂಡನ್ನು ಒಂದು ಕೈಯಿಂದ ಬಿಲ್ಲಾಡಿಸುತ್ತ ತಿರುಗಿಸಿ, ಇನ್ನೊಂದು ಕೈಯಲ್ಲಿ ಹಿಡಿದ ಉಳಿಗೆ ಪಾದದ ಆಸರೆ ಕೊಡುತ್ತಿದ್ದನು. ಬಿಲ್ಲು ಹಿಂದೆ ಮುಂದೆ ಆಡುವಾಗ ಮರವೂ ಒಮ್ಮೆ ಇತ್ತ, ಒಮ್ಮೆ ಅತ್ತ ತಿರುಗುವುದರಿಂದ ಉಳಿ ಕಡೆಯುವುದು ಅರ್ಧ ಹೊತ್ತು ಮಾತ್ರ. ಉಳಿದರ್ಧ ಅದನ್ನು ಹಿಂದೆ ಸರಿಸಿ ಕಾಯಬೇಕು. ನಿಧಾನವೇನೋ ಹೌದು, ಆದರೆ ವೇಗವೆಲ್ಲ ಕಡೆಯುವವನ ತೋಳಿನಲ್ಲೇ ಇದ್ದುದರಿಂದ ಕಲಿಯುವವನ ಕೈ ತಪ್ಪಿದರೂ ಅಪಾಯ ಕಡಿಮೆ; ಈ ಗುಣವನ್ನು ಯಂತ್ರದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿದ್ಯುತ್ ಮೋಟಾರು ಬಂದ ಮೇಲೆ ತಿರುಗುವಿಕೆ ಒಂದೇ ದಿಕ್ಕಿನದಾಯಿತು, ಕೈ ಎರಡೂ ಉಳಿಗೆ ದೊರೆತವು, ಬಣ್ಣದ ಕೆಲಸವೂ ಚುರುಕಾಯಿತು. ಏಕೆಂದರೆ ಮೆದುವಾದ ಹಾಲೆ ಮರದ ತುಂಡು ತಿರುಗುತ್ತಿರುವಾಗ ಒತ್ತಿಹಿಡಿದ ಅರಗಿನ ಕಡ್ಡಿಯನ್ನು ಕರಗಿಸುವುದು ಉಜ್ಜುವಿಕೆಯಿಂದ ಹುಟ್ಟುವ ಶಾಖವೇ. ಹೊಳಪನ್ನು ಆಮೇಲೆ ಎಲೆಗರಿಯಿಂದ ತಿಕ್ಕಿ ತರುತ್ತಾರೆ.

ಈ ಬದಲಾವಣೆಯಿಂದಲೇ ಇಂದಿನ ಹೊಸಬರ ಆಯ್ಕೆಯ ತೊಡಕು ಹುಟ್ಟಿತು: ತೋಳು ತಾನಾಗಿ ನಿರ್ಧರಿಸುತ್ತಿದ್ದ ವೇಗವನ್ನು ಈಗ ಕೊಳ್ಳುವಾಗಲೇ ನಿರ್ಧರಿಸಬೇಕು. ನಿಮಿಷಕ್ಕೆ 2000 ಸುತ್ತಿನಲ್ಲಿ 20 ಮಿ.ಮೀ. ಅಡ್ಡಳತೆಯ ಮಣಿಯ ಮೈ ನಿಮಿಷಕ್ಕೆ ಸುಮಾರು 125 ಮೀಟರ್ ಓಡುತ್ತದೆ; 200 ಮಿ.ಮೀ. ತಟ್ಟೆಯ ಅಂಚು ಅಷ್ಟೇ ಓಡಲು 200 ಸುತ್ತು ಸಾಕು, ಅದನ್ನು 2000ಕ್ಕೆ ಏರಿಸಿದರೆ ಹತ್ತು ಪಟ್ಟು ಓಡಿ, ಸಮತೋಲವಿಲ್ಲದ ಮರ ಹಿಡಿತದಿಂದ ಸಿಡಿಯಬಹುದು. ಹಾಗಾಗಿ ಅಂಗಡಿಯವರು ಮೊದಲು ಹೇಳುವ ಮೋಟಾರಿನ ಶಕ್ತಿಗಿಂತ, ಅಚ್ಚಿನಿಂದ ಅಡಿಹಾಸಿನವರೆಗಿನ ಎತ್ತರ (ಕಡೆಯಬಹುದಾದ ಅಡ್ಡಳತೆ ಅದರ ಎರಡರಷ್ಟು), ವೇಗವನ್ನು ಎಷ್ಟು ಕೆಳಕ್ಕೆ ಇಳಿಸಬಹುದು, ಹಾಸು ನಡುಗದಷ್ಟು ಭಾರವಿದೆಯೇ ಎಂಬುವು ಮುಖ್ಯ. ಹಾಸಿನ ಉದ್ದವನ್ನು ಕೇಳುವುದು ತೊಟ್ಟಿಲ ಕಾಲು ಕಡೆಯುವವರ ಚಿಂತೆ. ಬುಗುರಿ, ಗಿಲಕಿ, ಲಟ್ಟಣಿಗೆಗಳಿಂದ ಕಲಿಕೆ ಆರಂಭಿಸುವವರು ಅದಕ್ಕೆ ಹಣ ಸುರಿಯದೆ, ಉಳಿದುದನ್ನು ಒಳ್ಳೆಯ ಉಳಿಗಳಿಗೂ ಅವನ್ನು ಹರಿತಗೊಳಿಸುವ ಸಾಣೆಕಲ್ಲಿಗೂ ಇಟ್ಟುಕೊಳ್ಳುವುದು ಲೇಸು.