ಒಲಿಂಪಿಯಾದಿಂದ ಹೈದರಾಬಾದಿಗೆ: ಆರಂಭದ ಜಾಂಬೂರಿಗಳಲ್ಲಿ ‘ದೇಶ’ದ ಲೆಕ್ಕ

ಸ್ಕೌಟ್ ಚಳವಳಿಯ ಮೊದಲ ವಿಶ್ವ ಜಾಂಬೂರಿ, ಅಂದರೆ ಸ್ಕೌಟರ ಮಹಾಮೇಳ, 1920ರ ಜುಲೈ 30ರಿಂದ ಆಗಸ್ಟ್ 8ರವರೆಗೆ ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ನಡೆಯಿತು. ಡೇರೆಯ ಗೂಟ ಹೊಡೆಯಲು ಬರಲೆಂದು ಒಳಾಂಗಣಕ್ಕೆ ಅಡಿಯಷ್ಟು ದಪ್ಪ ಮಣ್ಣು ಹಾಸಿದ್ದರು. ರಿಚ್‌ಮಂಡಿನ ಬಯಲಲ್ಲಿ ಬೀಡುಬಿಟ್ಟಿದ್ದ ಹುಡುಗರು ಥೇಮ್ಸ್ ನದಿ ಉಕ್ಕಿದಾಗ ಗಂಟುಮೂಟೆ ಕಟ್ಟಿ ಜಾಗ ಬಿಡಬೇಕಾಯಿತು. ಇತಿಹಾಸಗಳಲ್ಲಿ ಎದ್ದು ಕಾಣುವುದು ಮಾತ್ರ ಲೆಕ್ಕವೇ: 34 ದೇಶ, ಸುಮಾರು 8,000 ಸ್ಕೌಟರು. ಈ ಲೆಕ್ಕದಲ್ಲಿ ದೇಶವೆಂದರೆ ಯಾವುದು ಎಂಬ ಪ್ರಶ್ನೆ ಲಂಡನ್ನಿನಲ್ಲಿ ನಿಂತವರಿಗೆ ಏಳುವುದಿಲ್ಲ. ಆಗ ಹೈದರಾಬಾದಿನ ನಿಜಾಮನ ಕೈಯಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರಗಳ ಕಡೆಯಿಂದ ನೋಡಿದರೆ ಏಳದೆ ಇರುವುದಿಲ್ಲ. ಆರಂಭದ ಜಾಂಬೂರಿಗಳು ಹುಡುಗರನ್ನು ಒಟ್ಟುಗೂಡಿಸಿದವು, ನಿಜ. ಆದರೆ ಯಾರು ಯಾವ ಬಾವುಟದ ಹಿಂದೆ ನಿಲ್ಲಬೇಕೆಂಬುದನ್ನು ಅವರವರ ಆಳರಸರು ಮೊದಲೇ ಗೊತ್ತುಮಾಡಿದ್ದರು ಎಂಬುದು ಇಲ್ಲಿಯ ವಾದ.

ಸುರಪುರದ ನಾಯಕರ ಸಂಸ್ಥಾನ 1858ರ ಬಂಡಾಯದೊಂದಿಗೆ ಮುಗಿಯಿತು. ಆಮೇಲೆ ಆ ಸೀಮೆ ನಿಜಾಮನ ಕೈಸೇರಿತು. ಒಲಿಂಪಿಯಾದ ಹೊತ್ತಿಗೆ ಇಲ್ಲಿಯ ಹುಡುಗ ಗುಲ್ಬರ್ಗಾ ಜಿಲ್ಲೆಯವ, ನಿಜಾಮನ ಪ್ರಜೆ. ಆ ನಿಜಾಮನ ಮೇಲೆ ಬ್ರಿಟಿಷ್ ಸಾರ್ವಭೌಮತ್ವ. ಹೀಗೆ ಎರಡು ಅಧಿಕಾರಗಳ ಕೆಳಗಿದ್ದವನಿಗೆ ತನ್ನದೆನ್ನುವ ಬಾವುಟ ಯಾವುದು? ಕನ್ನಡ ನಾಡಿನ ಇನ್ನೊಂದು ತುದಿಯಲ್ಲಿ, 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಟಿ.ಎಚ್. ಬೇಕರ್ ಭಾರತದ ಮೊದಲ ಸ್ಕೌಟ್ ದಳ ಕಟ್ಟಿದಾಗಲೂ ಭಾರತೀಯ ಮಕ್ಕಳಿಗೆ ಅದರಲ್ಲಿ ಜಾಗವಿರಲಿಲ್ಲ. ಅದಕ್ಕೆಂದೇ ಆನಿ ಬೆಸೆಂಟ್ ಮತ್ತು ಜಿ.ಎಸ್. ಅರುಂಡೇಲ್ 1917ರಲ್ಲಿ ಮದರಾಸಿನಲ್ಲಿ ಬೇರೆ ಸಂಘ ಹುಟ್ಟುಹಾಕಿದರು. ಅಲ್ಲಿಯ ಹುಡುಗರ ತಲೆಗೆ ಟೊಪ್ಪಿಗೆಯ ಬದಲು ರುಮಾಲು ಬಂತು. ಅಷ್ಟು ಸಣ್ಣ ಬದಲಾವಣೆಯಲ್ಲಿ ದೊಡ್ಡ ತಕರಾರೇ ಇತ್ತು.

ಮಹಾಯುದ್ಧ ಮುಗಿದು ಎರಡೇ ವರ್ಷಕ್ಕೆ ಅಷ್ಟು ದೇಶಗಳ ಮಕ್ಕಳು ಒಂದೇ ಸೂರಿನಡಿ ಸೇರಿದ್ದರಲ್ಲಿ ರಾಜಕೀಯವನ್ನೇ ಹುಡುಕುವುದು ಸರಿಯೇ ಎಂದು ಕೇಳಬಹುದು. ಆ ಸಾಧನೆ ದೊಡ್ಡದೇ, ಅದನ್ನು ತಗ್ಗಿಸುವ ಉದ್ದೇಶ ಇಲ್ಲಿಲ್ಲ. ಆದರೆ ಬಾಗಿಲ ಹೊರಗುಳಿದವರನ್ನು ಲೆಕ್ಕಕ್ಕೆ ತಾರದೆ ಅದರ ಅಳತೆ ಸಿಗದು. 1921ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಭಾರತಕ್ಕೆ ಬಂದು, ಬೆಸೆಂಟರ ಸಂಘವೂ ಆ ಚಳವಳಿಯೊಳಗೆ ಸೇರಿದ ಮೇಲೆ ಆ ಕೊರತೆ ನೀಗಿತಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದಕ್ಕೆ ಮುಂದಿನ ಘಟನೆಗಳೇ ಉತ್ತರ. 1937ರಲ್ಲಿ ದೆಹಲಿಯ ಅಖಿಲ ಭಾರತ ಜಾಂಬೂರಿಗೆ ಬಂದ ಬೇಡನ್ ಪೊವೆಲ್ ಭಾರತೀಯರ ಬಗ್ಗೆ ಆಡಿದರೆನ್ನಲಾದ ಮಾತು ಹಲವರನ್ನು ನೋಯಿಸಿತು. ಮರುವರ್ಷವೇ ಹಿಂದುಸ್ತಾನ್ ಸ್ಕೌಟ್ ಅಸೋಸಿಯೇಶನ್ ಬೇರೆಯಾಗಿ ನಿಂತಿತು. ಕೊರತೆ ನೀಗಿದ್ದರೆ ಒಂದು ಮಾತಿಗೆ ಮನೆ ಒಡೆಯುತ್ತಿರಲಿಲ್ಲ.

ಮನೆ ಕೂಡಿದ್ದು 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿದಾಗ. ಅದರ ಮೊದಲ ರಾಷ್ಟ್ರೀಯ ಜಾಂಬೂರಿ 1953ರಲ್ಲಿ ಸೇರಿದ್ದು ಹೈದರಾಬಾದಿನಲ್ಲಿ. ಯಾದಗಿರಿ, ಶಹಾಪುರ, ಸುರಪುರಗಳಿಗೆ ಆಗ ಅದೇ ರಾಜಧಾನಿ. ಶಹಾಪುರ, ಸುರಪುರಗಳಿಗೆ ಆಗ ರೈಲಿರಲಿಲ್ಲ. ಭೀಮೆ ದಾಟಿ ಯಾದಗಿರಿಗೆ ಬಂದು, ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿದರೆ ಹೈದರಾಬಾದು. ಮೂರು ವರ್ಷ ಕಳೆದು 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ನಕಾಶೆಯಿಂದ ಅಳಿಸಿಹೋಗಿ, ಯಾದಗಿರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯ ಬದಲಾದರೂ ಇಲ್ಲಿಯ ಸ್ಕೌಟ್ ಹುಡುಗ ಸೇರಬೇಕಾದ ಸಂಘ ಮಾತ್ರ ಈ ಸಲ ಬದಲಾಗಲಿಲ್ಲ.