ಸ್ವಾಮಿ ಶ್ರದ್ಧಾನಂದ ಪ್ರಕರಣ

ಬೆಂಗಳೂರಿನ ರಿಚ್ಮಂಡ್ ರಸ್ತೆಯ ಮನೆಯೊಂದರಲ್ಲಿ 1991ರಲ್ಲಿ ನಡೆದ ಶಕೀರಾ ಖಲೀಲಿ ಅವರ ಕೊಲೆಗೆ ಸಂಬಂಧಿಸಿದ ಕ್ರಿಮಿನಲ್ ಮೇಲ್ಮನವಿ. ಕೊಲೆಯ ಭೀಕರತೆಯಿಂದಾಗಿ ಜನರ ನೆನಪಿನಲ್ಲಿ ಉಳಿದಿದ್ದರೂ ಪ್ರಕರಣದ ನಿಜವಾದ ಮಹತ್ವ ಇರುವುದು ಶಿಕ್ಷೆಯ ಕುರಿತು 2008ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಲ್ಲಿ.

ಹಿನ್ನೆಲೆ

ಶಕೀರಾ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. ರಾಜತಾಂತ್ರಿಕ ಅಕ್ಬರ್ ಖಲೀಲಿ ಅವರಿಂದ ವಿಚ್ಛೇದನ ಪಡೆದು, 1986ರಲ್ಲಿ ಸ್ವಾಮಿ ಶ್ರದ್ಧಾನಂದ ಎಂಬ ಹೆಸರಿನ ಮುರಳಿ ಮನೋಹರ ಮಿಶ್ರನನ್ನು ಮದುವೆಯಾದರು. 1991ರ ಮೇ ಕೊನೆಯ ನಂತರ ಅವರು ಯಾರ ಕಣ್ಣಿಗೂ ಬೀಳಲಿಲ್ಲ. ಮರುವರ್ಷ ಮಗಳು ಅಶೋಕನಗರ ಠಾಣೆಗೆ ದೂರು ಕೊಟ್ಟರು. ತನಿಖೆ ಕೇಂದ್ರ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರ ಕೈಗೆ ಬಂದ ಮೇಲೆ, 1994ರಲ್ಲಿ ಆರೋಪಿಯಾದ ಶ್ರದ್ಧಾನಂದ ತೋರಿಸಿದ ಜಾಗ ಅಗೆದಾಗ ಮರದ ಪೆಟ್ಟಿಗೆಯಲ್ಲಿ ಅಸ್ಥಿಪಂಜರ ಸಿಕ್ಕಿತು. ಕಣ್ಣಾರೆ ಕಂಡ ಸಾಕ್ಷಿ ಇರಲಿಲ್ಲ. ಪೊಲೀಸರ ವಶದಲ್ಲಿ ಆರೋಪಿ ಹೇಳಿದ್ದರಲ್ಲಿ ಇಂಥ ಪತ್ತೆಗೆ ದಾರಿ ಮಾಡಿದ ಭಾಗವಷ್ಟೇ ಸಾಕ್ಷ್ಯವಾಗುತ್ತದೆ. ಮೊಕದ್ದಮೆ ಬಹುಮಟ್ಟಿಗೆ ಈ ಪತ್ತೆಯನ್ನೇ ಆಧರಿಸಿತ್ತು.

ಮೇಲ್ಮನವಿ

ಸೆಷನ್ಸ್ ನ್ಯಾಯಾಲಯ 2005ರಲ್ಲಿ ಮರಣದಂಡನೆ ವಿಧಿಸಿತು. ಹೈಕೋರ್ಟ್ ದೃಢಪಡಿಸದೆ ಗಲ್ಲು ಶಿಕ್ಷೆ ಜಾರಿಯಾಗುವಂತಿಲ್ಲ. ಕರ್ನಾಟಕ ಹೈಕೋರ್ಟ್ ಅದೇ ವರ್ಷ ದೃಢಪಡಿಸಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧ ಸಾಬೀತಾಗಿದೆ ಎಂಬುದನ್ನು ಒಪ್ಪಿದರು, ಶಿಕ್ಷೆಯಲ್ಲಿ ಒಡೆದರು: ಎಸ್.ಬಿ. ಸಿನ್ಹಾ ಜೀವಾವಧಿ ಎಂದರು, ಮಾರ್ಕಂಡೇಯ ಕಾಟ್ಜು ಗಲ್ಲು ಎಂದರು. ಹೀಗಾಗಿ ಬಿ.ಎನ್. ಅಗರವಾಲ್, ಜಿ.ಎಸ್. ಸಿಂಘ್ವಿ, ಅಫ್ತಾಬ್ ಆಲಂ ಅವರ ಪೀಠದ ಮುಂದೆ ಉಳಿದದ್ದು ಶಿಕ್ಷೆಯ ಪ್ರಶ್ನೆ ಮಾತ್ರ.

ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕ. ಕಾನೂನು ಹಾಗೆ ಹೇಳುವುದಿಲ್ಲ. ಜೀವಾವಧಿ ಉಸಿರಿರುವವರೆಗೆ ಎಂದು ಗೋಪಾಲ ಗೋಡ್ಸೆ ಪ್ರಕರಣದಲ್ಲಿ 1961ರಲ್ಲೇ ನಿರ್ಣಯವಾಗಿತ್ತು. 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ 433ಎ ಕಲಮು, ಗಂಭೀರ ಅಪರಾಧಗಳಲ್ಲಿ ಬಿಡುಗಡೆಗೆ ಮುನ್ನ ಕನಿಷ್ಠ 14 ವರ್ಷದ ಸೆರೆವಾಸ ಆಗಲೇಬೇಕು ಎಂದಿತಷ್ಟೆ. ಆದರೆ ರೂಢಿಯಲ್ಲಿ ಕನಿಷ್ಠವೇ ಗರಿಷ್ಠವಾಗಿಬಿಟ್ಟಿತ್ತು. ಕರ್ನಾಟಕದ ಕಾರಾಗೃಹ ನಿಯಮಗಳನ್ನೂ ಪರಿಶೀಲಿಸಿದ ಪೀಠ, ಕೈಯಲ್ಲಿರುವುದು ಹದಿನಾಲ್ಕು ವರ್ಷ ಇಲ್ಲವೇ ಗಲ್ಲು ಎಂದಾದರೆ ಮೊದಲನೆಯದು ತೀರಾ ಕಡಿಮೆ ಎನಿಸಿ ನ್ಯಾಯಾಧೀಶರು ಗಲ್ಲಿನತ್ತ ವಾಲುವ ಅಪಾಯವನ್ನು ಗುರುತಿಸಿತು. ಈ ಲೇಖಕನ ದೃಷ್ಟಿಯಲ್ಲಿ ಇಡೀ ತೀರ್ಪಿನ ಅತ್ಯಂತ ಮೌಲಿಕ ಭಾಗ ಇದು. 2008ರ ಜುಲೈ 22ರಂದು ಪೀಠ ಮರಣದಂಡನೆಯನ್ನು ರದ್ದುಪಡಿಸಿ, ಬದುಕಿರುವವರೆಗೂ ಬಿಡುಗಡೆಯಿಲ್ಲದ ಜೀವಾವಧಿ ವಿಧಿಸಿತು.

ನಂತರ

ಶಿಕ್ಷೆ ಮಾಫಿ ಸರ್ಕಾರಕ್ಕೆ ಸೇರಿದ್ದು, ನ್ಯಾಯಾಲಯ ಅದರ ದಾರಿಯನ್ನು ಮೊದಲೇ ಮುಚ್ಚಬಹುದೇ ಎಂಬ ಆಕ್ಷೇಪ ಹಗುರವಾದದ್ದಲ್ಲ. 2012ರ ಸಂಗೀತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನದೇ ಮತ್ತೊಂದು ಪೀಠ ಅನುಮಾನ ಎತ್ತಿತು. ಡಿಸೆಂಬರ್ 2015ರಲ್ಲಿ ಶ್ರೀಹರನ್ ಪ್ರಕರಣದ ಸಂವಿಧಾನ ಪೀಠ 3–2ರ ಬಹುಮತದಿಂದ ಶ್ರದ್ಧಾನಂದ ತೀರ್ಪನ್ನು ಎತ್ತಿಹಿಡಿಯಿತು. ಇಂಥ ಶಿಕ್ಷೆ ಕೊಡುವ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಇದೆ. ರಾಷ್ಟ್ರಪತಿ ಮತ್ತು ರಾಜ್ಯಪಾಲರ ಕ್ಷಮಾದಾನದ ಅಧಿಕಾರಕ್ಕೆ ಅದರಿಂದ ಬಾಧೆಯಿಲ್ಲ.